ನಾಲ್ಕು ನಿಮಿಷ

ಅಧ್ಯಕ್ಷರೆ, ನನ್ನ ಹೆಸರು ವಿಲ್ಮಾ ಗಿಲಿಲ್ಯಾಂಡ್.
ಬ್ಯಾಲಿಕ್ಲೇರ್ ದಾಟಿ ಮೂರು ಮೈಲಿಗೆ ನಮ್ಮ ನರ್ಸರಿ,
ಎರಡು ಗಾಜಿನ ಮನೆ, ಒಂದು ಸೋರುತ್ತದೆ.
ನಾಲ್ಕು ನಿಮಿಷ ಎಂದಿದ್ದೀರಿ. ಮೊದಲನೆಯದು
ಈ ಮೈಕಿನ ಗುಂಡಿ ಹುಡುಕುವುದರಲ್ಲೇ ಹೋಯಿತು.

ಮಣ್ಣಿನ ವಿಷಯ ಹೇಳಲು ಬಂದೆ.
ಇಷ್ಟೇ ಇಷ್ಟು ಮಣ್ಣು,
ಉಗುರಿನ ಸಂದಿಯಲ್ಲಿ ನಿಲ್ಲುವಷ್ಟು,
ಸ್ಟ್ರಾನ್‌ರಾರ್‌ನ ಹೊಲದಿಂದ ಬೀಚ್ ಸಸಿಯ ಬೇರು ಹಿಡಿದು
ಲಾರ್ನ್ ಬಂದರಿಗೆ ಬರುತ್ತದೆ. ಎರಡು ಗಂಟೆಯ ನೀರು.
ಐಲಂಡ್‌ಮಗೀ ಗುಡ್ಡ ಹತ್ತಿದರೆ, ಆಕಾಶ ತಿಳಿಯಾದ ದಿನ,
ಆಚೆ ದಡದ ಹೊಲಗಳ ಹಸಿರು ಬೇರೆ ಬೇರೆಯಾಗಿ ಕಾಣುತ್ತದೆ.
ಹೊರಡುವುದೂ ಇಳಿಯುವುದೂ ಒಂದೇ ಕಿರೀಟದ ನೆಲ,
ಆದರೂ ಆ ಮಣ್ಣಿಗೆ ಈಗ ಪ್ರವೇಶವಿಲ್ಲ.
ನೀರಿನ ಮೇಲೆ ಗೆರೆ ಎಳೆದರೆ ನಿಲ್ಲುತ್ತದೆಯೆ ಎಂದು ನಗುತ್ತಿದ್ದೆವು.
ನಿಂತಿತು.

ಆರ್ಚೀ ಮೆಕ್‌ಹಾರ್ಗ್ ಸಸಿ ಕಳಿಸುವವನು,
ಅವನಪ್ಪ ನಮ್ಮಪ್ಪನಿಗೆ ಕಳಿಸುತ್ತಿದ್ದ.
ಫೆಬ್ರವರಿಯಲ್ಲಿ ಪೈಪು ಹಿಡಿದು ಮುನ್ನೂರು ಬೇರು ತೊಳೆಯುತ್ತಾನೆ,
ಅಂಗೈ ಸೀಳುತ್ತದೆ.
ಮಣ್ಣಿನ ಜೊತೆ ನೂಲಿನಂಥ ಎಳೆಬೇರೂ ಹೋಗುತ್ತದೆ.
ಹೋದ ವರ್ಷ ನಲವತ್ತೊಂದು ಸತ್ತವು.
ಎಣಿಸಿದೆ, ಏಕೆಂದರೆ ನಮೂನೆಯಲ್ಲಿ ಅದಕ್ಕೊಂದು ಅಂಕಣವಿರಲಿಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಬೇಡ ಅನ್ನುತ್ತಾರೆ.
ಹೇಳಿದೆ. ಲಾರ್ನ್‌ನ ಮೂರನೇ ಷೆಡ್ಡಿನಲ್ಲಿ, ಮಳೆಯಲ್ಲಿ,
ಕಾಹಲ್ ಮಗ್ಲೋನ್ ಎಂಬ ತಪಾಸಣೆಯವನ ಮುಂದೆ.
ಅವನು ಪೂರ್ತಿ ಕೇಳಿದ. ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಕೊಟ್ಟ.
ಸಸಿಗಳನ್ನು ಮುಟ್ಟಿ, ಇವು ಬೇಲಿಗೋ ನೆರಳಿಗೋ ಎಂದು ವಿಚಾರಿಸಿದ.
ಆಮೇಲೆ ಹಿಂದಕ್ಕೆ ಕಳಿಸಿದ.
ನಾನು ಓದುವವನು ವಿಲ್ಮಾ, ಬರೆಯುವವನು ಎಲ್ಲೋ ಇದ್ದಾನೆ ಎಂದ.

ತಪ್ಪು ತಿಳಿಯಬೇಡಿ. ನನ್ನ ಅರ್ಧ ಗಿರಾಕಿಗಳು ಮೊನಹನ್‌ನವರು.
ದಕ್ಷಿಣದ ಆ ರಸ್ತೆಗೆ ಮತ್ತೆ ಗೇಟು ಬೇಡ.
ನಮ್ಮಪ್ಪ ಆ ಗೇಟಿನಲ್ಲಿ ಡಿಕ್ಕಿ ತೆರೆದು,
ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತದ್ದು ನೋಡಿದ್ದೇನೆ.
ನನಗೆ ಏಳು ವರ್ಷ. ಹಿಂದಿನ ಸೀಟಿನಲ್ಲಿ
ಟೊಮೇಟೊ ಸಸಿಯ ಟ್ರೇ ತೊಡೆಯ ಮೇಲಿತ್ತು.
ಒಂದು ಗೆರೆ ಅಳಿಸಲು ಇನ್ನೊಂದು ಬೇಕಾಯಿತು, ಅಷ್ಟು ಅರ್ಥವಾಗುತ್ತದೆ.
ಅರ್ಥವಾದದ್ದರಿಂದ ಬೇರು ಚಿಗುರುವುದಿಲ್ಲ.

ಹೊಸ ನಿಯಮ ಬ್ರಸೆಲ್ಸ್‌ನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಮಗ್ಗುಲಾಗಿ,
ಈ ಮೇಜಿಗೆ ಬರುವ ಹೊತ್ತಿಗೆ ಶಾಯಿ ಒಣಗಿರುತ್ತದೆ.
ತೊಂಬತ್ತು ಪುಟ ಓದಲು ನಿಮಗೆ ಕೆಲವೇ ವಾರ. ಪಾಪ, ನಿಮ್ಮನ್ನು ನೋಡಿದರೂ
ರಾತ್ರಿ ಓದಿದ ಕಣ್ಣುಗಳೇ.
ಬ್ರೇಕು ಕೊಟ್ಟಿದ್ದಾರೆ ಎನ್ನುತ್ತೀರಿ.
ನಾನು ಟ್ರ್ಯಾಕ್ಟರ್ ಓಡಿಸುವವಳು. ಬ್ರೇಕು ಒಳ್ಳೆಯದೇ.
ಅದಕ್ಕೂ ಮೊದಲು ಮುಂದಿನ ಗಾಜು ಒರೆಸಿರಬೇಕು.

ಕರಡು ಬರೆಯುವ ಕೋಣೆಯಲ್ಲಿ ಇಲ್ಲಿಯವರೊಬ್ಬರು ಕೂತಿರಲಿ,
ಯಾವ ಚರ್ಚಿನವರಾದರೂ ಸರಿ, ಉಗುರು ಕಪ್ಪಾಗಿದ್ದರೆ ಸಾಕು.
ಬರೆಯುವವನೂ ಒಂದು ಫೆಬ್ರವರಿ ಬರಲಿ,
ಆರ್ಚೀಯ ಪೈಪು ಹತ್ತು ನಿಮಿಷ ಹಿಡಿಯಲಿ.
ಊಟ ನಾನು ಹಾಕುತ್ತೇನೆ.

ಏನಂದಿರಿ? ಹೌದು, ಆ ಕೊನೆಯ ಸದಸ್ಯರು ಕೇಳಿದ್ದು ಸರಿ,
ಎಳೆಯ ಬೀಚ್ ಚಳಿಗಾಲದಲ್ಲಿ ಎಲೆ ಬಿಡುವುದಿಲ್ಲ.
ಒಣಗಿ ಕಂದಾದರೂ ಹಿಡಿದುಕೊಂಡೇ ಇರುತ್ತದೆ,
ಹೊಸ ಚಿಗುರು ಬಂದು ತಳ್ಳುವವರೆಗೆ.
ನಮ್ಮಲ್ಲಿ ಅನೇಕರು ಹಾಗೇ.

ಸಮಯವಾಯಿತೆ? ಸರಿ.
ಒಂದು ಡಬ್ಬಿಯಲ್ಲಿ ಆ ಮಣ್ಣನ್ನೇ ತಂದಿದ್ದೆ ತೋರಿಸಲು.
ಹೇಗೆ ತಂದೆ ಎಂದು ಕೇಳಬೇಡಿ.
ಕೆಳಗೆ ಬಾಗಿಲಲ್ಲೇ ತೆಗೆದಿಟ್ಟುಕೊಂಡರು,
ಚೀಟಿ ಕೊಟ್ಟಿದ್ದಾರೆ, ನಂಬರು ಹದಿನೇಳು.
ಹೋಗುವಾಗ ವಾಪಸು ಕೊಡುತ್ತಾರಂತೆ.